ನಮ್ಮ ಅಡ್ಡಹೆಸರಿನ ಸಂಕ

ನಮ್ಮ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಈ ಹೆಸರಿನ ಗಣ್ಯರನ್ನೂ ಈ ಹೆಸರು ಹೊತ್ತ ವಸ್ತುಗಳನ್ನೂ ಸೇರಿಸಿ ನಮ್ಮವರ ಸಂಘ ಒಂದು ಪುಸ್ತಕ ತರಲು ಹೊರಟಿತು. ಸಾಗರದ ಡಾಕ್ಟರು, ಹೊಸನಗರದ ವಕೀಲರು, ಒಂದು ಬಸ್ಸು, ಒಂದು ಅಪ್ಪೆಮಿಡಿ ಮಾವಿನ ಮರ ಎಲ್ಲ ಸೇರಿದ್ದವು. ನಿವೃತ್ತ ಕನ್ನಡ ಟೀಚರ್ ಎಂಬ ಕಾರಣಕ್ಕೆ ತಪ್ಪು ತಿದ್ದಿಕೊಡಲು ಕರಡು ನನ್ನ ಕೈಗೆ ಬಂತು.

ಕೊನೆಯ ಪುಟದಲ್ಲಿ ನಮ್ಮೂರ ಹಳ್ಳ ದಾಟುವ ಮರದ ಕಾಲುಸಂಕದ ಫೋಟೋ. ಅದನ್ನೂ ಜನ ನಮ್ಮ ಅಡ್ಡಹೆಸರಿನಿಂದಲೇ ಕರೆಯುತ್ತಾರೆ. ಕೆಳಗೆ 'ದೊಡ್ಡಮನೆಯವರ ಕೊಡುಗೆ' ಎಂದಿತ್ತು. ಓದಿ ನನಗೆ ಮೈ ಉರಿಯಿತು. ದೊಡ್ಡಮನೆಯವರದೂ ನಮ್ಮದೂ ಒಂದೇ ಅಡ್ಡಹೆಸರು, ನಿಜ. ಆದರೆ ಅವರು ಒಡೆಯರು, ನಾವು ಅವರ ಗೇಣಿ ಒಕ್ಕಲಾಗಿದ್ದವರು. ಅವರು ಜೀಪಿನಲ್ಲಿ ಸುತ್ತು ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದರು. ಸಂಕ ಬೇಕಿದ್ದದ್ದು ನಮಗೆ.

ಅದನ್ನು ಕಟ್ಟುತ್ತಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ಮದುವೆ ಒಲ್ಲೆನೆಂದು ತವರಲ್ಲೇ ಉಳಿದ ಹಟಮಾರಿ. ಪ್ರತಿವರ್ಷ ಮಳೆಗೆ ಮುಂಚೆ ಮರ ಹಾಸಿ, ಬಳ್ಳಿ ಬಿಗಿಯುತ್ತಿದ್ದಳು. ಬೇರೆ ಸಂಕಗಳಿಗೆ ಹಿಡಿದುಕೊಳ್ಳಲು ಒಂದೇ ಬಳ್ಳಿ. ಅತ್ತೆ ಅದರ ಕೆಳಗೆ ಶಾಲೆ ಮಕ್ಕಳ ಎತ್ತರಕ್ಕೆ ಇನ್ನೊಂದನ್ನು ಕಟ್ಟುತ್ತಿದ್ದಳು. ಆ ಕೆಳಗಿನ ಬಳ್ಳಿ ಹಿಡಿದು ದಾಟಿಯೇ ನಾನು ಓದಿದ್ದು. ಸಂಘದವರು ಹಾಕಿದ ಫೋಟೋದಲ್ಲೂ ಎರಡು ಬಳ್ಳಿ ಕಾಣುತ್ತಿದ್ದವು.

ಆ ಸಾಲು ಹೊಡೆದು ಅತ್ತೆಯ ಹೆಸರು ಬರೆದು, ಕರಡನ್ನು ನಾನೇ ಸಂಘದ ಕಾರ್ಯದರ್ಶಿಗೆ ಒಯ್ದು ಕೊಟ್ಟೆ. ಅವರು ನಕ್ಕರು.

"ಎಂತ ಮಾರಾಯ್ತಿ, ಎರಡೂ ಮನೆಗೆ ಒಂದೇ ಹೆಸ್ರಲ್ವಾ? ಓದೋರಿಗೆ ಎಂತ ಗೊತ್ತಾಗ್ತದೆ?"

"ಗೊತ್ತಾಗಲ್ಲ ಅಂತ್ಲೇ ಬರೀಬೇಕು," ಎಂದೆ.

ನನ್ನ ತಿದ್ದುಪಡಿ ಬಿಟ್ಟು ಪುಸ್ತಕ ಮೊದಲಿದ್ದ ಹಾಗೇ ಅಚ್ಚಾಗಿ ಬಂತು. ನಾನೂ ಆ ಹಟಮಾರಿ ಅತ್ತೆಯ ಸೊಸೆಯೇ. ಸಾಗರದಲ್ಲಿ ಪುಸ್ತಕ ಬಿಡುಗಡೆಯ ದಿನ ಎಲ್ಲರಿಗಿಂತ ಮೊದಲೇ ಹೋಗಿ, ಮೈದಾ ಅಂಟಿನ ಡಬ್ಬಿ ಇಟ್ಟುಕೊಂಡು ಕಟ್ಟುಗಳ ಪಕ್ಕ ಕುಳಿತೆ. ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ ಚೀಟಿಗಳಲ್ಲಿ 'ಈ ಸಂಕ ಕಟ್ಟಿದವರು' ಎಂದು ಬರೆದು ಅತ್ತೆಯ ಪೂರ್ತಿ ಹೆಸರು, ಅಡ್ಡಹೆಸರು ಸಮೇತ, ಹಾಕಿಸಿದ್ದೆ. ಒಂದೊಂದು ಪ್ರತಿಯಲ್ಲೂ 'ಕೊಡುಗೆ'ಯ ಸಾಲಿನ ಮೇಲೆ ಅಂಟಿಸುತ್ತಾ ಹೋದೆ. ಕಾರ್ಯದರ್ಶಿ ಓಡಿ ಬಂದರು.

"ಇದೆಂತ ಮಾಡ್ತಿದೀರಿ?"

"ನೀವು ಕೊಟ್ಟ ಕೆಲ್ಸ. ತಪ್ಪು ತಿದ್ತಿದೀನಿ."

ಜನ ಸೇರತೊಡಗಿದ್ದರು. ಕಾರ್ಯದರ್ಶಿ ಅವರನ್ನು ಸ್ವಾಗತಿಸಲು ಬಾಗಿಲಿಗೆ ಹೋದರು. ಕೊನೆಯ ಪ್ರತಿಯವರೆಗೂ ಅಂಟಿಸಿಯೇ ಎದ್ದೆ.

ಅತ್ತೆಗೆ ಈಗ ಎಂಬತ್ತು ದಾಟಿದೆ. ಸಂಕವನ್ನು ಈಗ ಊರ ಹುಡುಗರು ಅವಳ ಹಾಗೇ ಎರಡು ಬಳ್ಳಿ ಹಾಕಿ ಕಟ್ಟುತ್ತಾರೆ. ಒಂದು ಪ್ರತಿ ಒಯ್ದು ಚೀಟಿ ಓದಿ ಹೇಳಿದೆ. "ಇನ್ನೊಂದ್ಸಲ ಓದು," ಎಂದಳು. ಓದಿದೆ. ಆಮೇಲೆ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು.

"ಕೆಳಗಿನ ಬಳ್ಳಿ ಸಡ್ಲ ಆಗಿದೆಯಲ್ಲೇ. ಮಕ್ಳು ಬೀಳ್ತಾವೆ. ನಾಳೆ ಬಾ ನಂಜೊತೆ."

ಮರುದಿನ ಅತ್ತೆ ದಡದ ಕಲ್ಲಿನ ಮೇಲೆ ಕುಳಿತು ಬೈಯುತ್ತಾ ಹೇಳಿಕೊಟ್ಟಳು. ನಾನು ಬಳ್ಳಿ ಬಿಗಿದೆ.