ದೊರ್ಸಾಫಳ ಎಡಗೈ

ದೊರ್ಸಾಫ್ ಹುಟ್ಟಾ ಎಡಚಿ. ಸ್ಫಾಕ್ಸ್ ಊರಿನ ಹಳೇ ಕೋಟೆಗೋಡೆಯ ಹೊರಗಿದ್ದ ಅವರ ಮನೆಯಲ್ಲಿ ಎಲ್ಲರೂ ಒಂದೇ ಬೋಗುಣಿಯ ಸುತ್ತ ಕೂತು ಕುಸ್ಕುಸ್ ಉಣ್ಣುವಾಗ ಇವಳ ಎಡಗೈ ಮುಂದೆ ಬಂದರೆ, ಅಜ್ಜಿ ಚಮಚದಿಂದಲೇ ಒಂದು ಬಿಡುತ್ತಿದ್ದಳು. ಹಾಗೆ ಏಟು ತಿಂದು ಊಟಕ್ಕೂ ಬರವಣಿಗೆಗೂ ಬಲಗೈ ಪಳಗಿತು. ಸೂಜಿ ಕತ್ತರಿ ಕಂಡರೆ ಮಾತ್ರ ಎಡಗೈಯೇ ಮೊದಲು ಓಡುತ್ತಿತ್ತು.

ಡಾಕ್ಟರಿ ಮುಗಿಸಿ, ತಜ್ಞರಾಗಲು ಬರೆಯುವ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಸ್ಥಾನ ಬಂತು. ಕಣ್ಣು, ಚರ್ಮ, ಯಾವುದು ಬೇಕಾದರೂ ಸಿಗುತ್ತಿತ್ತು. ಜೊತೆಯವರಲ್ಲಿ ಅರ್ಧ ಜನ ಹೊರದೇಶದ ಕೆಲಸಕ್ಕೆಂದು ಆಗಲೇ ಜರ್ಮನ್ ಭಾಷೆಯ ಕ್ಲಾಸಿಗೆ ಸೇರಿಯಾಗಿತ್ತು. ಇವಳು ಶಸ್ತ್ರಚಿಕಿತ್ಸೆ ಎಂದು ಬರೆದುಕೊಟ್ಟು ಮನೆಗೆ ಬಂದಳು.

ತಾಯಿ ಝೊಹ್ರಾ ಮೀನಿನ ಸಾರಿಗೆ ಜೀರಿಗೆ ಕುಟ್ಟುತ್ತಿದ್ದಳು. ಕೈ ನಿಂತಿತು.

"ಚರ್ಮದ ಡಾಕ್ಟರಾಗಿದ್ರೆ ಏನೇ ಆಗ್ತಿತ್ತು? ಮೊಡವೆಗೆ ಮುಲಾಮು ಕೊಟ್ಟು, ಹೊತ್ತಿಗೆ ಸರಿಯಾಗಿ ಮನೆಗೆ ಬರಬಹುದಿತ್ತು."

"ಮೊಡವೆ ನೋಡೋಕೆ ನಂಗೆ ತಾಳ್ಮೆ ಇಲ್ಲಮ್ಮ."

"ಕರುಳು ನೋಡೋಕೆ ಇದೆಯೇನು! ಹೋಗು, ನಿನ್ನ ಹಣೆಬರಹ."

ವಿಭಾಗದ ಮುಖ್ಯಸ್ಥರು ಲಮೀನ್. ಅರವತ್ತರ ಹತ್ತಿರ ವಯಸ್ಸು. ಎಲ್ಲರೂ ಮರ್ಯಾದೆಯಿಂದ 'ಸಿ ಲಮೀನ್' ಎನ್ನುತ್ತಿದ್ದರು. ಮೊದಲ ದಿನ ಹೊಲಿಗೆ ಹಾಕಲು ಅವಳು ಎಡಗೈ ಚಾಚಿದ್ದೇ ತಡ, ಅವರು ಸೂಜಿ ಕಸಿದುಕೊಂಡರು.

"ಈ ಸಾಮಾನೆಲ್ಲ ಬಲಗೈಗೆ ಅಂತಲೇ ಮಾಡಿರೋದು. ನನ್ನ ಟೇಬಲ್ ಹತ್ರ ಎಡಗೈ ಬೇಡ. ಕಲಿತ್ಕೊ, ಇಲ್ಲ ಬೇರೆ ವಿಭಾಗ ನೋಡ್ಕೊ."

ಅವಳು ಕಲಿತಳು. ಬಲಗೈಯಲ್ಲಿ ಕೆಲಸ ಆಗುತ್ತಿತ್ತು, ಆದರೆ ಪರರ ಮನೆಯಲ್ಲಿ ಅಡುಗೆ ಮಾಡಿದ ಹಾಗೆ. ಏನು ಎಲ್ಲಿದೆ ಎಂದು ಪ್ರತಿ ಸಲ ಹುಡುಕಬೇಕು.

ಅಷ್ಟರಲ್ಲಿ ಕಾಲವೇ ಬೇರೆಯಾಗುತ್ತಿತ್ತು. ಪಿತ್ತಕೋಶ, ಅಪೆಂಡಿಕ್ಸ್ ಎಂದೋ ಒಳಗೆ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೋಸ್ಕೋಪಿಗೆ ಹೋಗಿದ್ದವು. ಈಗ ಕರುಳಿನ ದೊಡ್ಡ ಆಪರೇಷನ್ನುಗಳೂ ಸಣ್ಣ ತೂತುಗಳಲ್ಲೇ ಮುಗಿಯುತ್ತಿದ್ದವು. ರೋಬೋಟಿನ ಮಾತು ಶುರುವಾಗಿತ್ತು. ದೊರ್ಸಾಫಳಿಗೆ ಇದು ವರವಾಯಿತು, ಏಕೆಂದರೆ ಪರದೆ ನೋಡುತ್ತಾ ಮಾಡುವ ಈ ಕೆಲಸಕ್ಕೆ ಎರಡು ಕೈಯೂ ಬೇಕು. ಮಿಠಾಯಿ ಅಂಗಡಿಯ ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಮೇಲೆ ಫೋನು ಸಿಕ್ಕಿಸಿ, ಆಸ್ಪತ್ರೆಯವರು ಬಿಸಾಡಿದ್ದ ಉದ್ದ ಇಕ್ಕಳಗಳಿಂದ ಒಳಗಿನ ಕಿತ್ತಳೆಯ ಸಿಪ್ಪೆ ಸುಲಿಯುವುದು ಅವಳ ಅಭ್ಯಾಸ. ತೊಳೆ ಒಡೆಯಬಾರದು.

"ಈ ಮನೇಲಿ ಒಂದು ಕಿತ್ತಳೆ ತಿನ್ಬೇಕಾದ್ರೂ ಅದಕ್ಕೆ ಅರಿವಳಿಕೆ ಕೊಡ್ಬೇಕಾ?" ಎಂದು ಝೊಹ್ರಾ ರೇಗಿಸುತ್ತಿದ್ದಳು.

ನಾಲ್ಕನೇ ವರ್ಷದ ಹೊತ್ತಿಗೆ ಲ್ಯಾಪ್ರೋಸ್ಕೋಪಿಯಲ್ಲಿ ಅವಳನ್ನು ಮೀರಿಸುವವರು ಅವಳ ತಂಡದಲ್ಲಿ ಇರಲಿಲ್ಲ. ಆದರೆ ಹೊಟ್ಟೆ ತೆರೆದು ಪಿತ್ತಕೋಶ ತೆಗೆಯುವುದನ್ನು ಅವಳು ನೋಡಿದ್ದೇ ಮೂರು ಸಲ. ಮಾಡಿರಲೇ ಇಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಮಹರ್ಝಿಯಾ ಎಂಬಾಕೆಯ ಆಪರೇಷನ್ನು ಅವಳ ಪಾಲಿಗೆ ಬಂತು. ಐವತ್ತೈದರ ಹೆಂಗಸು, ಆಲಿವ್ ತೋಟದ ಕೂಲಿ, ನೋವು ನುಂಗಿಕೊಂಡೇ ಕೊಯ್ಲು ಮುಗಿಸಿ ಬಂದವಳು. ಕ್ಯಾಮೆರಾ ಒಳಗಿಟ್ಟು ನೋಡಿದರೆ ಪಿತ್ತಕೋಶ ಕಲ್ಲಿನಂತಾಗಿ ಸುತ್ತಲಿನದೆಲ್ಲ ಅಂಟಿಕೊಂಡಿತ್ತು. ಕತ್ತರಿಸಬೇಕಾದ ನಾಳ ಯಾವುದು, ಕತ್ತರಿಸಲೇಬಾರದ ನಾಳ ಯಾವುದು, ಗೊತ್ತಾಗಲಿಲ್ಲ. ನಲವತ್ತು ನಿಮಿಷ ತಿಣುಕಿದಳು. ಇನ್ನೊಂದು ಚೂರು ಎಳೆದರೆ ಬಿಡಿಸಿಕೊಂಡೀತು ಎಂದು ಒಳಗಿನ ಹಟ ಹೇಳುತ್ತಿತ್ತು. ತೆರೆದರೆ ಸೋತಳು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವಳು ಕೈ ಹಿಂದೆಗೆದಳು.

"ಹೊಟ್ಟೆ ತೆರೀಬೇಕು. ಸಿ ಲಮೀನ್ ಅವರನ್ನ ಕರೀರಿ."

ಅವರು ಬಂದು ಪರದೆ ನೋಡಿದರು. "ಎಷ್ಟು ಹೊತ್ತಾಯ್ತು?"

"ನಲವತ್ತು ನಿಮಿಷ, ಸರ್."

"ನಾನಾಗಿದ್ರೆ ಮೂವತ್ತಕ್ಕೇ ಬಿಟ್ಬಿಡ್ತಿದ್ದೆ. ತೆರಿ."

ತೆರೆದದ್ದಾಯಿತು. ಆದರೆ ಪಕ್ಕೆಲುಬಿನಡಿಯ ಆಳದಲ್ಲಿ ಅವಳ ಬಲಗೈ ತಡವರಿಸಿತು. ಎದುರಿಗಿದ್ದ ಸಿ ಲಮೀನ್ ಅದನ್ನು ನೋಡಿದರು.

"ನಿಲ್ಲು. ನೀನು ಈ ಕಡೆ ಬಾ, ನಾನು ಆ ಕಡೆ ಬರ್ತೀನಿ. ಕತ್ತರಿ ಎಡಗೈಗೆ ತಗೋ."

"ನೀವೇ ಬೇಡ ಅಂದಿದ್ರಿ."

"ಅಂದಿದ್ದೆ. ಈಗ ತಗೋ ಅಂತಿದೀನಿ. ಹೆಬ್ಬೆರಳು ಹೊರಗೆ ತಳ್ಳಬೇಡ, ಒಳಕ್ಕೆ ಎಳ್ಕೊ. ಆಗ ಅಲಗು ಕಚ್ಚುತ್ತೆ."

ಕಚ್ಚಿತು. ಅವರ ಬೆರಳು ದಾರಿ ತೋರಿಸಿದಂತೆ ಅವಳು ಎಳೆ ಎಳೆಯಾಗಿ ಬಿಡಿಸುತ್ತಾ ಹೋದಳು. ನಾಳ ಕಂಡಿತು. ಎರಡು ಗಂಟೆಯಲ್ಲಿ ಎಲ್ಲ ಸುಸೂತ್ರವಾಗಿ ಮುಗಿಯಿತು.

ಕೈ ತೊಳೆಯುವಾಗ ಸಿ ಲಮೀನ್ ನಲ್ಲಿಯ ಕಡೆ ನೋಡುತ್ತಲೇ ಹೇಳಿದರು: "ನಾಲ್ಕು ವರ್ಷ ನಿನ್ನ ಕೈ ತಿದ್ದಿದೆ. ನಾನು ಒಂದ್ಸಲ ಜಾಗ ಬದಲಿಸಿದ್ರೆ ಸಾಕಿತ್ತು. ಹೊಳೀಲೇ ಇಲ್ಲ ನೋಡು."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಸಿವಾಗಿತ್ತು, ಅಷ್ಟೇ.

ಮೂರನೇ ದಿನ ವಾರ್ಡಿನಲ್ಲಿ ಮಹರ್ಝಿಯಾ ಪಟ್ಟಿ ತೋರಿಸಿ ತಗಾದೆ ತೆಗೆದಳು. "ನನ್ನ ನಾದಿನಿಗೆ ಬರೀ ನಾಲ್ಕು ತೂತು. ನಂಗೆ ನೋಡು, ಕುರಿ ಸೀಳಿದ ಹಾಗೆ!"

"ಒಳಗೆಲ್ಲ ಅಂಟ್ಕೊಂಡಿತ್ತು ಚಿಕ್ಕಮ್ಮ. ಕಾಣಿಸದೇ ಇರೋದನ್ನ ಕತ್ತರಿಸೋ ಧೈರ್ಯ ಬರ್ಲಿಲ್ಲ."

ಮಹರ್ಝಿಯಾ ಅವಳನ್ನು ಮೇಲಿಂದ ಕೆಳಗೆ ಅಳೆದಳು. "ಬರದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು. ಈಗ ಹೇಳು, ರೊಟ್ಟಿ ಯಾವಾಗ ತಿನ್ಲಿ?"

ಆಮೇಲೆ ಸಿ ಲಮೀನ್ ನಿವೃತ್ತಿಯಾಗುವವರೆಗೂ ಗುರುವಾರ ಬೆಳಿಗ್ಗೆ ತೆರೆದ ಶಸ್ತ್ರಚಿಕಿತ್ಸೆಯನ್ನಷ್ಟೇ ಕಲಿಸಿದರು. ಎಡಚರಿದ್ದರೆ ಎದುರು ಬದಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ದೊರ್ಸಾಫ್ ಕಲಿಕೆ ಮುಗಿಸಿ ದಕ್ಷಿಣದ ಗಣಿ ಊರೊಂದರ ಆಸ್ಪತ್ರೆಗೆ ಹೋದಳು. ಅಲ್ಲಿ ಶಸ್ತ್ರವೈದ್ಯರೆಂದರೆ ಇಬ್ಬರೇ. ಲ್ಯಾಪ್ರೋಸ್ಕೋಪಿಯನ್ನು ಅಲ್ಲಿ ಶುರು ಮಾಡಿದ್ದು ಅವಳೇ. ಗಣಿಯಲ್ಲಿ ಪೆಟ್ಟು ತಿಂದವರು ಬಂದಾಗ ಹೊಟ್ಟೆ ತೆರೆಯುವವಳೂ ಅವಳೇ. ಝೊಹ್ರಾ ಮಾತ್ರ ಫೋನಿನಲ್ಲಿ ಇವತ್ತಿಗೂ ಕೇಳುತ್ತಾಳೆ: "ಆ ಊರಲ್ಲಿ ಯಾರಿಗೂ ಮೊಡವೆ ಆಗಲ್ವೇನೇ?"