ತಂಗಿ ಬರೆದ ಅಪ್ಪ

ಗ್ಯಾಲರಿಗೆ ಬರುವ ಕಲಾವಿದರೆಲ್ಲ ಅವಳನ್ನು ಮಟ್ಟದಕ್ಕ ಎಂದೇ ಕರೆಯುತ್ತಿದ್ದರು. ಗೋಡೆಗೆ ಚಿತ್ರ ಏರಿಸುವುದು ಅವಳ ಕೆಲಸ. ಮಟ್ಟದ ಪಟ್ಟಿಯನ್ನು ಚೌಕಟ್ಟಿನ ನೆತ್ತಿಗಿಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಅವಳು ಏಣಿ ಇಳಿಯುತ್ತಿರಲಿಲ್ಲ. ‘ನಾವು ಎಷ್ಟೇ ಸೊಟ್ಟ ಬರೆದ್ರೂ ಮಟ್ಟದಕ್ಕ ನೆಟ್ಟಗೆ ನೇತುಹಾಕ್ತಾಳೆ’ ಎಂಬುದು ಅವರೊಳಗಿನ ತಮಾಷೆ. ಉದ್ಘಾಟನೆಯ ಸಂಜೆ ಜನ ಗೋಡೆಗೆ ಬೆನ್ನು ಕೊಟ್ಟು, ಕೈಯಲ್ಲಿ ಲೋಟ ಹಿಡಿದು ಹರಟುವಾಗ, ಅವಳು ಉಗ್ರಾಣದ ಬಾಗಿಲ ಬಳಿ ಬೂದುಬಣ್ಣದ ಮೇಲಂಗಿ ತೊಟ್ಟು ನಿಂತಿರುತ್ತಿದ್ದಳು. ಯಾವುದಾದರೂ ಹುಕ್ಕು ಕಿತ್ತು ಬಂದರೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಕಿತ್ತು ಬಂದಿರಲಿಲ್ಲ.

ಅವಳಿಗಿಂತ ಒಂಬತ್ತು ವರ್ಷ ಚಿಕ್ಕ ತಂಗಿ ಚಿತ್ರ ಬರೆಯುವವಳು. ಆ ಊರಿನಲ್ಲೇ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಬೇರೆ ಮನೆ ಮಾಡಿಕೊಂಡಿದ್ದಳು. ತಂಗಿಯ ಮೊದಲ ಪ್ರದರ್ಶನಕ್ಕೆ ಮೊಳೆ ಹೊಡೆದದ್ದೂ ಅಕ್ಕನೇ. ಅಂದು ಅಪ್ಪ ಬಂದು, ಚಿತ್ರಗಳಿಗಿಂತ ಹೆಚ್ಚಾಗಿ ಅವು ಒಂದೇ ಗೆರೆಗೆ ನಿಂತದ್ದನ್ನು ನೋಡಿ ತಲೆದೂಗಿದ್ದರು.

ಅಪ್ಪ ದರ್ಜಿ. ಕತ್ತರಿ ಹಿಡಿದರೆ ಗೆರೆ ಎಳೆಯದೆಯೇ ನೇರ ಕತ್ತರಿಸುವ ಕೈ. ಸ್ವಂತ ಉಡುಪಿನ ವಿಷಯದಲ್ಲಂತೂ ಬಲು ಕಟ್ಟುನಿಟ್ಟು. ಎಂಥ ಸೆಕೆಯಲ್ಲೂ ಅಂಗಿಯ ಗುಂಡಿ ಬಿಚ್ಚಿದವರಲ್ಲ. ಮಕ್ಕಳೆದುರು ಬರೀ ಬನಿಯನ್ನಿನಲ್ಲಿ ಓಡಾಡಿದವರಲ್ಲ. ಅಂಥವರಿಗೆ ಎಪ್ಪತ್ತರ ಹತ್ತಿರ ಲಕ್ವ ಹೊಡೆಯಿತು. ಬಲಮೈ ಬಿದ್ದುಹೋಯಿತು, ಮಾತು ನಿಂತಿತು. ಅಮ್ಮನ ಮಂಡಿ ಮೊದಲೇ ಸರಿಯಿರಲಿಲ್ಲವಾದ್ದರಿಂದ ಎಲ್ಲ ದೊಡ್ಡವಳ ಪಾಲಿಗೆ ಬಂತು. ಐದು ವರ್ಷ ಮೈ ಒರೆಸಿದಳು, ಬಟ್ಟೆ ಬದಲಿಸಿದಳು, ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದಳು. ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯವಳು ಬಂದು ಕೂರುತ್ತಿದ್ದಳು. ತಂಗಿ ಭಾನುವಾರ ಬರುತ್ತಿದ್ದಳು. ಮಂಚದ ಎದುರು ಕುರ್ಚಿ ಹಾಕಿಕೊಂಡು ಚಿತ್ರದ ಪುಸ್ತಕ ತೆರೆದು ಅಪ್ಪನನ್ನು ಗೀಚುತ್ತಿದ್ದಳು. ಅವಳ ದುಃಖ ಕಳೆಯುವ ರೀತಿ ಅದು ಎಂದು ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಅಪ್ಪ ತೀರಿಕೊಂಡು ಒಂದೂವರೆ ವರ್ಷವಾದ ಮೇಲೆ ತಂಗಿ ಫೋನ್ ಮಾಡಿದಳು. “ಅಪ್ಪನ ನೆನಪಿಗೆ ಒಂದು ಪ್ರದರ್ಶನ ಮಾಡ್ತಿದ್ದೀನಿ ಅಕ್ಕ. ನಿಮ್ಮ ಗ್ಯಾಲರೀಲೇ.” ಅಮ್ಮ ಅದನ್ನು ಕೇಳಿ ಅಂಗಡಿಯ ಮೇಜು, ಟೇಪು, ಹೊಲಿಗೆ ಯಂತ್ರ ಎಲ್ಲ ಇರುತ್ತವೆ ಎಂದುಕೊಂಡಳು. ಒಂದು ವಾರ ಮೊದಲೇ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿಟ್ಟಳು.

ಪೆಟ್ಟಿಗೆಗಳು ಬಂದದ್ದು ಬುಧವಾರ ಬೆಳಿಗ್ಗೆ. ಮಟ್ಟದಕ್ಕ ಒಂದೊಂದಾಗಿ ಬಿಚ್ಚಿದಳು. ಹನ್ನೊಂದು ಚಿತ್ರಗಳು. ಹಾಸಿಗೆಯ ಮೇಲೆ ಸತ್ತಂತೆ ಬಿದ್ದ ಕೈ, ಜೋಲುಬಿದ್ದ ತುಟಿ, ದಿಂಬಿಗೆ ಒತ್ತಿದ ಅರ್ಧ ಮುಖ. ಕೊನೆಯದು ಆಳೆತ್ತರದ್ದು. ರಬ್ಬರ್ ಹಾಳೆಯ ಮೇಲೆ ಅಪ್ಪ ಬರಿಮೈಯಲ್ಲಿ ಮಲಗಿದ್ದರು. ಬಾಯಿ ಒಂದು ಕಡೆ ಎಳೆದಿತ್ತು, ತೊಡೆಯ ಚರ್ಮ ಜೋತಿತ್ತು. ಎರಡು ಕೈಗಳು ಅವರ ಕಂಕುಳು ಒರೆಸುತ್ತಿದ್ದವು. ಕೈಗಳಿಗೆ ಮುಖವಿರಲಿಲ್ಲ, ಮೊಣಕೈಗೇ ಚಿತ್ರ ಮುಗಿದಿತ್ತು. ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆಯ ಏಟಿಗೆ ಕಪ್ಪಾಗಿತ್ತು.

ಮಧ್ಯಾಹ್ನ ತಂಗಿ ಬಂದಾಗ ಅಕ್ಕ ಆಳೆತ್ತರದ್ದನ್ನು ತೋರಿಸಿ ಕೇಳಿದಳು: “ಇದನ್ನೂ ಹಾಕ್ಬೇಕಾ?”

“ಇದಿಲ್ದೆ ಉಳಿದ ಹತ್ತೂ ಸುಳ್ಳಾಗುತ್ತೆ ಅಕ್ಕ.”

“ಅಮ್ಮ ಬರ್ತಾಳೆ ಕಣೇ.”

“ಅಮ್ಮ ನೋಡದೇ ಇರೋದೇನಿದೆ ಇದ್ರಲ್ಲಿ?”

“ಅಮ್ಮ ನೋಡಿದ್ದಾಳೆ. ಊರು ನೋಡಿಲ್ಲ.”

ಅಷ್ಟರಲ್ಲಿ ಗ್ಯಾಲರಿಯ ಮ್ಯಾನೇಜರ್ ಚಿತ್ರಗಳ ಪಟ್ಟಿ ಹಿಡಿದು ಬಂದರು. ಪುಸ್ತಿಕೆ ಅಚ್ಚಾಗಿತ್ತು, ಮುಖಪುಟದಲ್ಲೇ ಆ ಚಿತ್ರವಿತ್ತು. ಮಟ್ಟದಕ್ಕ ಗೋಡೆ ಕೊರೆದಳು. ಗ್ಯಾಲರಿಯ ನಿಯಮದ ಪ್ರಕಾರ ನೋಡುವವರ ಕಣ್ಣಿಗೆ ಚಿತ್ರದ ನಡುಭಾಗ ಬರಬೇಕು. ಹಾಗೆಯೇ ಅಳೆದು ಹಾಕಿದಳು.

ಶುಕ್ರವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಒಬ್ಬ ಹಿರಿಯ ವಿಮರ್ಶಕರು ದೇಹದ ಘನತೆಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಕನ್ನಡಕದ ಹೆಂಗಸೊಬ್ಬಳು ದೊಡ್ಡ ಚಿತ್ರದ ಮುಂದೆ ನಿಂತು, “ಈ ಕೈಗಳು ಯಾರದು?” ಎಂದು ಕೇಳಿದಳು.

“ಅವರನ್ನ ನೋಡ್ಕೊಳ್ತಿದ್ದವರದು,” ಎಂದಳು ತಂಗಿ.

ನೋಡಿಕೊಳ್ಳುತ್ತಿದ್ದವಳು ಐದು ಹೆಜ್ಜೆ ದೂರದಲ್ಲಿ ಉಗ್ರಾಣದ ಬಾಗಿಲಿಗೆ ಒರಗಿ ನಿಂತಿದ್ದಳು. ತಂಗಿ ಆ ಕಡೆ ಒಮ್ಮೆ ನೋಡಿ ಬೇರೆ ಮಾತಿಗೆ ಹೊರಳಿದಳು.

ಅಮ್ಮ ಬಂದಾಗ ತಡವಾಗಿತ್ತು. ಕೋಲೂರಿಕೊಂಡು ಮೊದಲ ಚಿತ್ರದಿಂದ ಶುರುಮಾಡಿ ಒಂದೊಂದರ ಮುಂದೆಯೂ ನಿಂತಳು. ಮುಖದಲ್ಲಿ ಏನೂ ಕಾಣಲಿಲ್ಲ. ಹನ್ನೊಂದನೆಯದಕ್ಕೆ ಬಂದವಳು ಹೆಗಲ ಶಾಲು ತೆಗೆದಳು. ಚೌಕಟ್ಟಿನ ಮೇಲಂಚಿಗೆ ಅದನ್ನು ಹೊದಿಸಲು ಎರಡು ಸಲ ಕೈ ಎತ್ತಿದಳು. ಎಟುಕಲಿಲ್ಲ. ಸುತ್ತ ಮಾತು ತಣ್ಣಗಾಯಿತು. ಅಮ್ಮ ತಿರುಗಿ, ಜನರ ಮಧ್ಯೆ ದೊಡ್ಡ ಮಗಳನ್ನು ಹುಡುಕಿ, ಮನೆಯಲ್ಲಿ ನೀರು ಕೇಳುವಷ್ಟೇ ಸಲೀಸಾಗಿ ಹೇಳಿದಳು: “ಆ ಏಣಿ ತಗೊಂಡ್ ಬಾ.”

ಮ್ಯಾನೇಜರ್ ಮಟ್ಟದಕ್ಕನ ಕಿವಿಯ ಹತ್ತಿರ ಬಂದು, “ಅವರನ್ನ ಮೆಲ್ಲಗೆ ಹೊರಗೆ ಕರ್ಕೊಂಡು ಹೋಗಮ್ಮ,” ಎಂದರು. ಯಾರೋ ಫೋನ್ ಎತ್ತಿ ಹಿಡಿದಿದ್ದರು.

ಅವಳು ಏಣಿ ತರಲಿಲ್ಲ. ಅಮ್ಮನನ್ನು ಪಕ್ಕಕ್ಕೆ ಸರಿಸಿ, ಇಬ್ಬರು ಹೊರಬೇಕಾದ ಚಿತ್ರವನ್ನು ಒಬ್ಬಳೇ ಹುಕ್ಕಿನಿಂದ ಬಿಡಿಸಿದಳು. ಸೊಂಟದಲ್ಲಿ ಏನೋ ಕಳಕ್ಕೆಂದಿತು. ಎದೆಗವಚಿಕೊಂಡು ಉಗ್ರಾಣಕ್ಕೆ ಒಯ್ದು ಗೋಡೆಗೆ ಮುಖ ಮಾಡಿ ಇಟ್ಟಳು.

ತಂಗಿ ಹಿಂದೆಯೇ ಬಂದು ಬಾಗಿಲು ಹಾಕಿದಳು. “ಏನು ಮಾಡ್ದೆ ಅಕ್ಕ ನೀನು?”

“ಬರೀಲಾ ಅಂತ ಅಪ್ಪನ್ನ ಕೇಳಿದ್ಯಾ?”

“ಮಾತೇ ಇರ್ಲಿಲ್ಲ ಅವ್ರಿಗೆ.”

“ಕಣ್ಣಿತ್ತು. ನೀನು ಪುಸ್ತಕ ತೆಗೆದ ಕೂಡ್ಲೇ ಗೋಡೆ ಕಡೆ ನೋಡ್ತಿದ್ರು.”

“ಹೌದು,” ಎಂದಳು ತಂಗಿ. “ಮತ್ತೆ ನನ್ನ ಕಡೆ ತಿರುಗಿಸಿದ್ದು ಯಾರು? ಬೆಳಕು ಸಾಲ್ದು, ಸ್ವಲ್ಪ ಈ ಕಡೆ ಮಾಡು ಅಂದಾಗೆಲ್ಲ ನೀನೇ ತಾನೇ ತಿರುಗಿಸಿದ್ದು? ನಾನು ಒಂದು ದಿನಾನೂ ಅವರನ್ನ ಮುಟ್ಟಲಿಲ್ಲ ಅಕ್ಕ. ಮುಟ್ಟೋಕೆ ಭಯ ಆಗ್ತಿತ್ತು. ಅವರ ಹತ್ರ ಕೂರೋಕೆ ನಂಗೆ ಅದೊಂದೇ ದಾರಿ ಇದ್ದದ್ದು.”

ಮಟ್ಟದಕ್ಕ ಹೇಗೂ ಮಗ್ಗುಲು ಬದಲಿಸಬೇಕಲ್ಲ ಎಂದು ತಿರುಗಿಸಿದ್ದು ನಿಜ. ತಿರುಗಿಸಿದಾಗ ಅಪ್ಪ ಚಲನೆಯಿದ್ದ ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡದ್ದೂ ನಿಜ. ಅದನ್ನು ಕಂಡೂ ಅವಳು ದಿಂಬು ಸರಿಪಡಿಸಿ ಅಡುಗೆಮನೆಗೆ ಹೋಗಿದ್ದಳು.

ಮರುದಿನ ಮ್ಯಾನೇಜರ್ ಬೇರೆಯವರಿಂದ ಚಿತ್ರ ಹಾಕಿಸಿದರು. ಪ್ರದರ್ಶನ ಮುಗಿಯುವವರೆಗೆ ಬರಬೇಡ ಎಂದರು, ಮುಗಿದ ಮೇಲೆ ತಾವೇ ಕರೆಸಿಕೊಂಡರು. ಆಳೆತ್ತರದ ಚಿತ್ರವನ್ನು ಬೇರೊಂದು ಊರಿನ ದೊಡ್ಡ ವಸ್ತುಸಂಗ್ರಹಾಲಯ ಕೊಂಡಿತು. ಅದನ್ನು ಪೆಟ್ಟಿಗೆಗೆ ಹಾಕಿ ಕಳಿಸಿದ್ದು ಮಟ್ಟದಕ್ಕನೇ. ಮನೆಯಲ್ಲಿ ಆ ಸಂಜೆಯ ಸುದ್ದಿ ಯಾರೂ ಎತ್ತಲಿಲ್ಲ. ಅಮ್ಮ ಚಿಕ್ಕ ಮಗಳ ಹತ್ತಿರ ಜಗಳವಾಡಲಿಲ್ಲ; ಬಂದರೆ ಊಟ ಬಡಿಸುತ್ತಿದ್ದಳು, ಎದುರು ಕೂರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ತಂಗಿ ರಜೆ ಹಾಕಿ, ಚಿತ್ರದ ಪುಸ್ತಕದ ಚೀಲ ಹೊತ್ತು ಬಂದಳು. “ಚೀಲ ಹೊರಗಿಟ್ಟು ಬಾ,” ಎಂದಳು ಅಮ್ಮ, ಮಲಗಿದಲ್ಲಿಂದಲೇ ಅವಳನ್ನು ಬಾಗಿಲಲ್ಲಿ ತಡೆದು. ತಂಗಿ ಹೊರಗಿಟ್ಟು ಬಂದಳು. ಒಂಬತ್ತು ದಿನ ಮಂಚದ ಪಕ್ಕ ಬರಿಗೈಯಲ್ಲಿ, ಆ ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿದ್ದಳು. ಹತ್ತನೆಯ ದಿನ ಅಮ್ಮನ ಉಸಿರು ಏರುಪೇರಾಯಿತು. ಅಕ್ಕ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, “ಪಾದ ಹಿಡ್ಕೋ,” ಎಂದಳು.

ತಂಗಿ ಹಿಡಿದಳು. “ತಣ್ಣಗಿದೆ ಅಕ್ಕ.”

“ಗೊತ್ತು. ಬಿಡ್ಬೇಡ.”

ಅಮ್ಮ ಹೋಗಿ ಒಂದು ಗಂಟೆ ಕಳೆದ ಮೇಲೆ, ಪಕ್ಕದ ಮನೆಯವಳು ಬಂದು ತಂಗಿಯ ಬೆರಳುಗಳನ್ನು ಅಮ್ಮನ ಪಾದದಿಂದ ಬಿಡಿಸಿದಳು.