ಕೆಲಸ ಸಿಗುವ ಮೊದಲೇ ಬರೆದ ಪತ್ರ

ಗ್ರಂಥಾಲಯ ವಿಜ್ಞಾನದ ಪದವಿ ಮುಗಿದ ವರ್ಷವೇ ಮದುವೆಯಾಗಿ ರಬಕವಿಗೆ ಬಂದವಳು ನಾನು. ಮನೆಯ ಮುಂಭಾಗದಲ್ಲಿ ಗಂಡನ ಎರಡು ಪಾವರ್‌ಲೂಮ್‌ಗಳು, ಒಳಗೆ ಅಡಿಗೆ, ಮಗಳು, ಅತ್ತೆ. ಹನ್ನೆರಡು ವರ್ಷ ಹೀಗೇ ಹೋಯಿತು. ಮಗಳು ಒಬ್ಬಳೇ ಶಾಲೆಗೆ ಹೋಗಿಬರುವಷ್ಟು ದೊಡ್ಡವಳಾದ ಮೇಲೆ, ಜಮಖಂಡಿಯ ಒಂದು ಖಾಸಗಿ ಕಾಲೇಜಿಗೆ ಗ್ರಂಥಪಾಲಕರು ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದೆ.

ಸಂದರ್ಶನಕ್ಕೆ ಮೂವರು ಕುಳಿತಿದ್ದರು. ಮೊದಲನೆಯವರು ಇಂಗ್ಲಿಷಿನಲ್ಲಿ, ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿದರು. ಪ್ರಶ್ನೆ ತಿಳಿಯಿತು, ಆದರೆ ಬಾಯಿ ಒಣಗಿ ಇಂಗ್ಲಿಷಿನಲ್ಲಿ ಉತ್ತರ ಹೊರಡಲಿಲ್ಲ. ನಡುವೆ ಕುಳಿತಿದ್ದ ಪ್ರಿನ್ಸಿಪಾಲ್ ಮೇಡಂ ತಮ್ಮ ಮುಂದಿನ ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿದರು.

"ಕನ್ನಡದಾಗ ಹೇಳ್ರಿ. ಅವಸರ ಏನಿಲ್ಲ."

ಆಮೇಲೆ ಮಾತು ಬಂತು. ಕೊನೆಗೆ ಅವರೇ ಕೇಳಿದರು, "ಓದೂದಂದ್ರ ಬ್ಯಾಸರ ಮಾಡಿಕೊಳ್ಳೋ ಹುಡುಗರನ್ನ ಲೈಬ್ರರಿಗೆ ಹೆಂಗ ಕರಸ್ತೀರಿ?"

"ನೋಟಿಸ್ ಹಾಕ್ತೇನ್ರಿ," ಅಂದೆ. ಅವರು ಸಣ್ಣಗೆ ನಕ್ಕು ತಲೆಯಾಡಿಸಿದರು.

ವಾಪಸು ಬರುವಾಗ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಅಲ್ಲಿ ಕುಳಿತಾಗ ಸರಿಯಾದ ಉತ್ತರ ಹೊಳೆಯಿತು. ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ಮಧ್ಯಾಹ್ನ ಅವರು ನೂಲು ಸುತ್ತುವಾಗ ನಾನು ಪಕ್ಕದಲ್ಲಿ ಕುಳಿತು ಕಥೆ ಓದುತ್ತಿದ್ದೆ. ಮೊದಮೊದಲು "ಸಾಕ್ ಬಿಡು" ಎನ್ನುತ್ತಿದ್ದವರು, ಒಮ್ಮೆ ಒಲೆಯ ಮೇಲಿನ ಹಾಲು ಉಕ್ಕಿ ನಾನು ಅರ್ಧಕ್ಕೇ ಎದ್ದು ಹೋದಾಗ, ಅಡಿಗೆಮನೆಯ ತನಕ ಬಂದು "ಮುಂದ ಏನಾತು?" ಎಂದು ಕೇಳಿದ್ದರು. ಇದನ್ನು ಹೇಳಬೇಕಿತ್ತು. ನೋಟಿಸ್ ಅಂದುಬಿಟ್ಟೆ.

ಮರುದಿನ ಪ್ರಿನ್ಸಿಪಾಲ್ ಮೇಡಂಗೆ ಕೃತಜ್ಞತೆಯ ಪತ್ರ ಬರೆಯಲು ಕುಳಿತೆ. ಗಂಡ ನೋಡಿ, "ಕೆಲಸ ಸಿಕ್ಕ ಮ್ಯಾಲ ಬರೀತಾರ ಇದನ್ನ. ಈಗ ಬರದ್ರ ಬೆಣ್ಣಿ ಹಚ್ಚಾಕತ್ತಾಳ ಅಂದಾರು," ಎಂದರು. ನನಗೂ ಆ ಅಳುಕು ಇತ್ತು. ಮೊಬೈಲಿನಲ್ಲಿ ಸಿಕ್ಕ ಮಾದರಿ ನೋಡಿ 'ತಮ್ಮ ಅಮೂಲ್ಯ ಸಮಯ', 'ಘನ ಸಂಸ್ಥೆ' ಎಂದೆಲ್ಲ ಒಂದು ಪುಟ ತುಂಬಿಸಿ ಅತ್ತೆಗೆ ಓದಿ ಹೇಳಿದೆ.

ಅವರು ರಾಟೆ ನಿಲ್ಲಿಸಿದರು. "ಛಲೋ ಐತಿ. ಆದ್ರ ಇದರಾಗ ನೀ ಎಲ್ಲಿ ಅದಿ?"

"ನೀರು ಕೊಟ್ರು, ಕನ್ನಡದಾಗ ಮಾತಾಡಾಕ ಬಿಟ್ರು. ಅದಕ್ಕ ಬರೀಬೇಕಂತ ಅನ್ನಿಸ್ತ್ರಿ ಅತ್ತಿ."

"ಮತ್ತ ಅದನ್ನ ಬರಿ. ನೀರು ಕೊಟ್ಟವ್ರನ್ನ ನೆನಸೂದು ಬೆಣ್ಣಿ ಹಚ್ಚಿದಂಗ ಹೆಂಗಾಕ್ಕೈತಿ?"

ಆ ಹಾಳೆ ಹರಿದು ಹೊಸದಾಗಿ ಬರೆದೆ. ಅಂದು ನನ್ನ ಬಾಯಿ ಒಣಗಿದ್ದನ್ನು ಅವರು ಗಮನಿಸಿದ್ದಕ್ಕೆ ಕೃತಜ್ಞತೆ ಹೇಳಿದೆ. ಕೊನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನ್ನದಲ್ಲವೆಂದು ಒಪ್ಪಿಕೊಂಡು ಅತ್ತೆಯ ಪ್ರಸಂಗ ಬರೆದೆ. 'ಹುಡುಗರಿಗೆ ಅರ್ಧ ಕಥೆ ಓದಿ ನಿಲ್ಲಿಸುತ್ತೇನೆ. ಉಳಿದ ಅರ್ಧಕ್ಕೆ ಅವರೇ ಬರುತ್ತಾರೆ. ಕೆಲಸ ಯಾರಿಗೆ ಸಿಕ್ಕರೂ ಇದನ್ನೊಮ್ಮೆ ಮಾಡಿ ನೋಡಲು ಹೇಳಿರಿ' ಎಂದು ಮುಗಿಸಿದೆ. ಅಂಚೆ ಡಬ್ಬಿಗೆ ಹಾಕಿದಾಗ ಮನಸ್ಸು ಹಗುರಾಯಿತು.

ಮೂರು ವಾರದ ಮೇಲೆ ಮೇಡಂ ಫೋನ್ ಮಾಡಿದರು. ಮಗ್ಗದ ಸದ್ದಿನಲ್ಲಿ ಕೇಳಿಸದೆ ಹಿತ್ತಿಲಿಗೆ ಓಡಿದೆ.

"ಕಾಲೇಜಿನ ಕೆಲಸ ಬ್ಯಾರೆಯವ್ರಿಗೆ ಆತ್ರಿ. ಅವ್ರಿಗೆ ಅನುಭವ ಹೆಚ್ಚೈತಿ," ಎಂದರು. ನಾನು ಹಿತ್ತಿಲ ಕಟ್ಟೆಯ ಮೇಲೆ ಕುಳಿತೆ. "ಕೇಳಾಕತ್ತೀರಿಲ್ಲೋ? ನಮ್ಮ ಸಂಸ್ಥೆಯ ಹೆಣ್ಮಕ್ಕಳ ಹೈಸ್ಕೂಲಿನ್ಯಾಗ ಪುಸ್ತಕ ಅದಾವ, ತಗದು ಕೊಡೋರಿಲ್ಲ. ವಾರಕ್ಕ ಮೂರು ದಿನ ಬರ್ತೀರೇನು? ಪಗಾರ ಕಡಿಮಿ. ನಿಮ್ಮ ಪತ್ರ ಕಮಿಟಿಯವ್ರಿಗೂ ಓದಿ ಹೇಳೇನಿ."

ಬರುತ್ತೇನೆ ಅಂದೆ. ಗಂಡನಿಗೆ ಹೇಳಿದಾಗ ಅವರು ಮಗ್ಗ ನಿಲ್ಲಿಸಿ, "ಸೋಮವಾರ ಮುಂಜಾನಿ ಬಸ್‌ಸ್ಟ್ಯಾಂಡಿಗೆ ನಾನ ಬಿಡ್ತೇನಿ," ಎಂದರು.

ಮೊದಲ ದಿನ ಕಪಾಟುಗಳ ಧೂಳು ಒರೆಸುವುದರಲ್ಲೇ ಸಂಜೆಯಾಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಕಪ್ಪಾದ ಕೈ, ಬಗಲ ಚೀಲದ ಪುಸ್ತಕಗಳನ್ನು ನೋಡಿ, "ಸಾಲಿ ಬಾಯಾರೇನ್ರಿ ನೀವು?" ಎಂದು ಕೇಳಿದಳು.

ಶಾಲೆಯ ಶಿಕ್ಷಕಿಯಲ್ಲ, ಪುಸ್ತಕ ಕೊಡುವವಳು ಎನ್ನಲು ಹೊರಟು, "ಹೌದ್ರಿ," ಅಂದೆ.